ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್: ಸ್ಕ್ರೀನ್ ಮತ್ತು ವೈಫೈ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಅದಾದ ಮೇಲೆ ನನಗೆ ಬರುವ ಫೋನ್‌ಗಳು ಜಾಸ್ತಿಯಾಗಿವೆ. ವಿಂಡೋಸ್ 11 ಹತ್ತದ ಲ್ಯಾಪ್‌ಟಾಪ್ ಒಂದು ಬೀರುವಿನಲ್ಲಿ ಕೂತಿರುತ್ತದೆ. ಯಾರೋ ‘ಲಿನಕ್ಸ್ ಹಾಕಿ ನೋಡು’ ಅಂದಿರುತ್ತಾರೆ. ಲಿನಕ್ಸ್ ಅಂದರೆ ವಿಂಡೋಸ್ ಜಾಗದಲ್ಲಿ ಕೂರುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್. ಹಾಕಿದ ಮೇಲೆ ಕೀಬೋರ್ಡು, ಸೌಂಡು, ಯುಎಸ್‌ಬಿ ಎಲ್ಲ ಸಾಮಾನ್ಯವಾಗಿ ತಂತಾನೇ ನಡೆಯುತ್ತವೆ. ಕೈ ಕೊಡುವುದು ಎರಡೇ: ಸ್ಕ್ರೀನ್, ಇಲ್ಲವೇ ವೈಫೈ.

ನೆಂಟರು, ಗೆಳೆಯರು, ಪರಿಚಯದ ಹುಡುಗರು ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಉತ್ತರಗಳು ಹೆಚ್ಚಾಗಿ ಉಬುಂಟು, ಮಿಂಟ್, ಡೆಬಿಯನ್ ಅನ್ನುವ ಲಿನಕ್ಸ್ ಬಗೆಗಳನ್ನು ಬಳಸುವವರಿಗೆ. ಲಿನಕ್ಸ್‌ನಂಥದ್ದೇ ಬೇರೆ ಸಿಸ್ಟಮ್ ಆದ ಬಿಎಸ್‌ಡಿ ಬಗ್ಗೆ ಕೊನೆಯಲ್ಲಿ ಸ್ವಲ್ಪ ಇದೆ. ಕಮಾಂಡ್‌ಗಳನ್ನು ಫೋನ್‌ನಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ. ಅಡ್ಡಗೆರೆ ಅಂದರೆ ಹೈಫನ್, ಅಡಿಗೆರೆ ಅಂದರೆ ಅಂಡರ್‌ಸ್ಕೋರ್.

## ಶುರು ಮಾಡುವ ಮುಂಚೆ

ನನ್ನ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಆಗುತ್ತಾ? ಕಂಪನಿ ಹೆಸರು, ಮಾಡೆಲ್ ನಂಬರ್ ಹೇಳಿದರೆ ಸಾಕಾ?

ಸಾಲದು. ಒಂದೇ ಮಾಡೆಲ್ ನಂಬರಿನ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಮೂರು ಥರದ ವೈಫೈ ಕಾರ್ಡ್ ಇರುವುದು ಮಾಮೂಲು. ಆ ತಿಂಗಳು ಕಾರ್ಖಾನೆಗೆ ಯಾವುದು ಸಿಕ್ಕಿತೋ ಅದು. ಮುಚ್ಚಳದ ಮೇಲಿನ ಹೆಸರು ಮುಖ್ಯವಲ್ಲ, ಒಳಗಿನ ಚಿಪ್ ಮುಖ್ಯ.

ಸುಲಭದ ದಾರಿ ಇದೆ. ಇನ್‌ಸ್ಟಾಲ್ ಮಾಡುವ ಮುಂಚೆ ಪೆನ್‌ಡ್ರೈವ್‌ನಿಂದ ಲೈವ್ ಬೂಟ್ ಮಾಡಿ. ಹಾರ್ಡ್ ಡಿಸ್ಕ್ ಮುಟ್ಟದೆ ಲಿನಕ್ಸ್ ಓಡುತ್ತದೆ. ವೈಫೈ ಹೆಸರುಗಳು ಕಾಣುತ್ತವಾ? ಬ್ರೈಟ್‌ನೆಸ್ ಕೀ ಕೆಲಸ ಮಾಡುತ್ತಾ? ಮುಚ್ಚಳ ಮುಚ್ಚಿ ತೆರೆದರೆ ಎಚ್ಚರವಾಗುತ್ತಾ? ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದರೆ ಚಿತ್ರ ಬರುತ್ತಾ? ಹತ್ತು ನಿಮಿಷದ ಕೆಲಸ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಜೇಬಿನಲ್ಲಿ ಪೆನ್‌ಡ್ರೈವ್ ಇಟ್ಟುಕೊಂಡೇ ಹೋಗಿ. ಅಂಗಡಿಯವರು ಮೊದಲು ಅನುಮಾನದಿಂದ ನೋಡುತ್ತಾರೆ. ಆಮೇಲೆ ಅವರೇ ಪಕ್ಕದಲ್ಲಿ ಬಗ್ಗಿ ನಿಂತು ನೋಡುತ್ತಾರೆ.

ಚಿಪ್ ಯಾವುದು ಅಂತ ನೋಡೋದಕ್ಕೆ ಲ್ಯಾಪ್‌ಟಾಪ್ ಬಿಚ್ಚಬೇಕಾ?

ಬೇಡ. ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು ಎಲ್‌ಎಸ್‌ಪಿಸಿಐ ಅಂತ ಹೊಡೆದು, ಒಂದು ಜಾಗ ಬಿಟ್ಟು, ಅಡ್ಡಗೆರೆ ಹಾಕಿ ಎನ್‌ಎನ್‌ಕೆ ಸೇರಿಸಿ. ಒಳಗಿನ ಸಾಧನಗಳ ಪಟ್ಟಿ ಬರುತ್ತದೆ. ಪ್ರತಿ ಸಾಲಿನ ಕೊನೆಯ ಚೌಕ ಕಂಸದಲ್ಲಿ ನಾಲ್ಕು ನಾಲ್ಕು ಅಕ್ಷರದ ಎರಡು ಸಂಖ್ಯೆ ಇರುತ್ತವೆ. ಮೊದಲನೆಯದು ಚಿಪ್ ಮಾಡಿದ ಕಂಪನಿ, ಎರಡನೆಯದು ಆ ಚಿಪ್.

ಕೆಲವು ಬಾಯಿಪಾಠವಾಗಿಬಿಡುತ್ತವೆ. 8086 ಅಂದರೆ ಇಂಟೆಲ್. ತಮ್ಮ 1978ರ ಪ್ರೊಸೆಸರಿನ ಹೆಸರನ್ನೇ ಇಲ್ಲೂ ಇಟ್ಟುಕೊಂಡಿದ್ದಾರೆ. 14ಇ4 ಬ್ರಾಡ್‌ಕಾಮ್. 10ಇಸಿ ರಿಯಲ್‌ಟೆಕ್. 168ಸಿ ಅಥೆರೋಸ್. 14ಸಿ3 ಮೀಡಿಯಾಟೆಕ್. ಸ್ಕ್ರೀನ್ ಕಡೆ 10ಡಿಇ ಎನ್‌ವಿಡಿಯಾ, 1002 ಎಎಂಡಿ. ಯುಎಸ್‌ಬಿಗೆ ಚುಚ್ಚುವ ವೈಫೈ ಡಾಂಗಲ್ ಆದರೆ ಎಲ್‌ಎಸ್‌ಯುಎಸ್‌ಬಿ ಕಮಾಂಡ್. ಅಲ್ಲಿ ರಿಯಲ್‌ಟೆಕ್‌ನ ಗುರುತು 0ಬಿಡಿಎ.

ಪಟ್ಟಿಯಲ್ಲಿ ಪ್ರತಿ ಸಾಧನದ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಅಂತ ಒಂದು ಸಾಲು ಇರಬೇಕು. ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು, ಡ್ರೈವರ್ ಅಂದರೆ ಒಂದು ಸಾಧನವನ್ನು ನಡೆಸುವ ತಂತ್ರಾಂಶ. ಆ ಸಾಲು ಇದ್ದರೆ ಡ್ರೈವರ್ ಕೂತಿದೆ. ನಿಮ್ಮ ವೈಫೈ ಕಾರ್ಡಿನ ಕೆಳಗೆ ಆ ಸಾಲೇ ಇಲ್ಲ ಅಂದರೆ ತೊಂದರೆ ಎಲ್ಲಿ ಅಂತ ಅರ್ಧ ಗೊತ್ತಾದ ಹಾಗೆ. ಯಾರ ಹತ್ತಿರ ಸಹಾಯ ಕೇಳುವುದಿದ್ದರೂ ಈ ಎರಡು ಸಾಲನ್ನು ಮೊದಲು ಕೊಡಿ. ‘ವೈಫೈ ಬರ್ತಿಲ್ಲ’ ಅಂತ ಮಾತ್ರ ಹೇಳಿದರೆ ಎದುರಿನವರು ಹತ್ತು ಪ್ರಶ್ನೆ ಕೇಳಬೇಕಾಗುತ್ತದೆ.

ಒಂದು ಸಲ ಡ್ರೈವರ್ ಅಂತೀರಿ, ಒಂದು ಸಲ ಫರ್ಮ್‌ವೇರ್ ಅಂತೀರಿ. ಎರಡೂ ಒಂದೇ ಅಲ್ವಾ?

ಅಲ್ಲ. ಡ್ರೈವರ್ ಓಡುವುದು ನಿಮ್ಮ ಕಂಪ್ಯೂಟರಿನ ಪ್ರೊಸೆಸರ್‌ನಲ್ಲಿ, ಕರ್ನಲ್‌ನ ಭಾಗವಾಗಿ. ಫರ್ಮ್‌ವೇರ್ ಓಡುವುದು ವೈಫೈ ಚಿಪ್‌ನ ಹೊಟ್ಟೆಯೊಳಗೆ. ಈಗಿನ ಬಹಳಷ್ಟು ಚಿಪ್‌ಗಳು ತಮ್ಮ ಫರ್ಮ್‌ವೇರನ್ನು ತಾವೇ ನೆನಪಿಟ್ಟುಕೊಳ್ಳುವುದಿಲ್ಲ. ಲ್ಯಾಪ್‌ಟಾಪ್ ಆನ್ ಮಾಡಿದಾಗಲೆಲ್ಲ ಡ್ರೈವರ್ ಒಂದು ಫೈಲ್ ತೆಗೆದು ಚಿಪ್‌ಗೆ ತುಂಬುತ್ತದೆ. ಆ ಫೈಲ್ ಇಲ್ಲದಿದ್ದರೆ ಡ್ರೈವರ್ ಇದ್ದೂ ಪ್ರಯೋಜನವಿಲ್ಲ.

ಅಥೆರೋಸ್‌ನ ಎಟಿಎಚ್9ಕೆ ಡ್ರೈವರಿಗೆ ಹೊಂದುವ ಹಳೇ ಒಳಗಿನ ಕಾರ್ಡುಗಳಿಗೆ ಈ ಫೈಲೇ ಬೇಡ. ಅದಕ್ಕೇ ಲಿನಕ್ಸ್ ಬಳಸುವ ಹಳಬರಿಗೆ ಅವುಗಳ ಮೇಲೆ ಅಷ್ಟು ಪ್ರೀತಿ.

ಫರ್ಮ್‌ವೇರ್ ಫೈಲ್‌ಗಳ ಒಳಗೇನಿದೆ ಅಂತ ಚಿಪ್ ಕಂಪನಿಗಳು ತೋರಿಸುವುದಿಲ್ಲ. ಹಾಗಾಗಿ ಡೆಬಿಯನ್‌ನವರು ಬಹಳ ವರ್ಷ ಅವನ್ನು ಇನ್‌ಸ್ಟಾಲರ್‌ನಿಂದ ಹೊರಗೇ ಇಟ್ಟಿದ್ದರು. 2022ರಲ್ಲಿ ತಮ್ಮೊಳಗೇ ಮತ ಹಾಕಿ ನಿಯಮ ಬದಲಿಸಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್ ಇನ್‌ಸ್ಟಾಲರ್ ಜೊತೆಗೇ ಬರುತ್ತದೆ. ‘ಇನ್ನೊಂದು ಪೆನ್‌ಡ್ರೈವ್‌ಗೆ ಫರ್ಮ್‌ವೇರ್ ಇಳಿಸಿಕೊಂಡು ಬನ್ನಿ’ ಅನ್ನುವ ಸಲಹೆ ಎಲ್ಲಾದರೂ ಕಂಡರೆ ಅದು ಹಳೇದು ಅಂದುಕೊಳ್ಳಿ.

## ಸ್ಕ್ರೀನ್

ಇನ್‌ಸ್ಟಾಲ್ ಆಯ್ತು. ರೀಸ್ಟಾರ್ಟ್ ಮಾಡಿದರೆ ಬರೀ ಕಪ್ಪು. ಲ್ಯಾಪ್‌ಟಾಪ್ ಸತ್ತೇ ಹೋಯ್ತಾ?

ಗಾಬರಿ ಬೇಡ. ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರಿದರೆ ಜೀವ ಇದೆ. ಆಮೇಲೆ ಕೋಣೆಯ ಲೈಟ್ ಆರಿಸಿ ಮೊಬೈಲ್ ಟಾರ್ಚನ್ನು ಸ್ಕ್ರೀನಿಗೆ ಓರೆಯಾಗಿ ಹಿಡಿಯಿರಿ. ಮಬ್ಬಾಗಿ ಅಕ್ಷರಗಳು ಕಂಡರೆ ಚಿತ್ರ ಬರುತ್ತಿದೆ, ಹಿಂದಿನ ದೀಪ ಮಾತ್ರ ಆರಿದೆ. ಅದು ಬ್ರೈಟ್‌ನೆಸ್ ತೊಂದರೆ, ಕೆಳಗೆ ಬೇರೆ ಉತ್ತರ ಇದೆ.

ಏನೂ ಕಾಣದಿದ್ದರೆ ಗ್ರಾಫಿಕ್ಸ್ ಡ್ರೈವರ್ ಎಡವಿದೆ. ಲ್ಯಾಪ್‌ಟಾಪ್ ಆನ್ ಆಗುವಾಗ ಎಸ್ಕೇಪ್ ಕೀ ಒತ್ತಿ. ಹಳೇ ಬಯೋಸ್ (ಲ್ಯಾಪ್‌ಟಾಪನ್ನು ಮೊದಲು ಎಬ್ಬಿಸುವ ಒಳಗಿನ ತಂತ್ರಾಂಶ) ಇದ್ದರೆ ಶಿಫ್ಟ್ ಹಿಡಿದುಕೊಳ್ಳಿ. ಗ್ರಬ್ ಮೆನು, ಅಂದರೆ ಯಾವ ಸಿಸ್ಟಮ್ ಬೂಟ್ ಆಗಬೇಕು ಅಂತ ಕೇಳುವ ಪಟ್ಟಿ, ಬರುತ್ತದೆ. ಮೊದಲ ಸಾಲಿನ ಮೇಲೆ ನಿಂತು ಇ ಒತ್ತಿ. ‘ಲಿನಕ್ಸ್’ ಅಂತ ಶುರುವಾಗುವ ಉದ್ದದ ಸಾಲು ಹುಡುಕಿ, ಅದರ ಕೊನೆಗೆ ಒಂದು ಜಾಗ ಬಿಟ್ಟು ನೋಮೋಡ್‌ಸೆಟ್ ಅಂತ ಒಂದೇ ಪದವಾಗಿ ಬರೆಯಿರಿ. ಎಫ್10 ಒತ್ತಿ. ಹತ್ತರಲ್ಲಿ ಎಂಟು ಸಲ ಸ್ಕ್ರೀನ್ ಬಂದೇ ಬರುತ್ತದೆ. ಈ ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ. ಏನೂ ಕೆಡುವುದಿಲ್ಲ, ಧೈರ್ಯವಾಗಿ ಮಾಡಿ.

ನೋಮೋಡ್‌ಸೆಟ್ ಹಾಕಿದ್ಮೇಲೆ ಎಲ್ಲ ಸರಿ ಇದೆ. ಅದನ್ನೇ ಶಾಶ್ವತ ಮಾಡಿಬಿಡ್ಲಾ?

ಬೇಡ. ಸ್ಕ್ರೀನಿನ ಅಳತೆ, ಬಣ್ಣ ಎಲ್ಲವನ್ನೂ ಕರ್ನಲ್ಲೇ ನೋಡಿಕೊಳ್ಳುವ ಪದ್ಧತಿ ಇಂಟೆಲ್ ಚಿಪ್‌ಗಳಿಗೆ 2009ರಲ್ಲಿ ಬಂತು. ಆಮೇಲೆ ಉಳಿದವಕ್ಕೂ ಬಂತು. ನೋಮೋಡ್‌ಸೆಟ್ ಅನ್ನುವುದು ಆ ಕೆಲಸವನ್ನೇ ನಿಲ್ಲಿಸುತ್ತದೆ. ಬೂಟ್ ಆಗುವಾಗ ಬಯೋಸ್ ಕೊಟ್ಟ ಚಿತ್ರದ ಚೌಕಟ್ಟನ್ನೇ ಹಿಡಿದುಕೊಂಡು ಲಿನಕ್ಸ್ ಕಾಲ ತಳ್ಳುತ್ತದೆ.

ಬ್ರೈಟ್‌ನೆಸ್ ಬದಲಾಗುವುದಿಲ್ಲ. ಎರಡನೇ ಮಾನಿಟರ್ ಬರುವುದಿಲ್ಲ. ವಿಡಿಯೋ ಹಾಕಿದರೆ ಫ್ಯಾನ್ ಬಡಿದುಕೊಳ್ಳುತ್ತದೆ, ಯಾಕಂದರೆ ಗ್ರಾಫಿಕ್ಸ್ ಚಿಪ್ ಮಾಡಬೇಕಾದ್ದನ್ನೆಲ್ಲ ಪ್ರೊಸೆಸರ್ ಮಾಡುತ್ತಿರುತ್ತದೆ. ಸಿಸ್ಟಮ್ ಮಾಹಿತಿಯಲ್ಲಿ ಗ್ರಾಫಿಕ್ಸ್ ಅನ್ನುವಲ್ಲಿ ‘ಎಲ್‌ಎಲ್‌ವಿಎಂಪೈಪ್’ ಅಂತ ಕಂಡರೆ ಇದೇ ನಡೆಯುತ್ತಿದೆ ಅಂತ ಅರ್ಥ. ನೋಮೋಡ್‌ಸೆಟ್ ಊರುಗೋಲು. ಅದನ್ನು ಹಿಡಿದು ಒಳಗೆ ಹೋಗಿ, ಸಿಸ್ಟಮ್ ಅಪ್‌ಡೇಟ್ ಮಾಡಿ, ಎನ್‌ವಿಡಿಯಾ ಇದ್ದರೆ ಅದರ ಡ್ರೈವರ್ ಹಾಕಿ. ಆಮೇಲೆ ಊರುಗೋಲು ಬಿಟ್ಟು ನಡೆಸಿ ನೋಡಿ.

ಬ್ರೈಟ್‌ನೆಸ್ ಕೀ ಒತ್ತಿದರೆ ಪಟ್ಟಿ ಏರುತ್ತೆ ಇಳಿಯುತ್ತೆ, ಬೆಳಕು ಮಾತ್ರ ಹಾಗೇ ಇರುತ್ತೆ. ಯಾಕೆ?

ಬೆಳಕನ್ನು ಹಿಡಿದಿರುವ ಕೈ ಒಂದು, ನೀವು ತಿರುಗಿಸುತ್ತಿರುವ ಕಿವಿ ಇನ್ನೊಂದು. ಹಿಂದಿನ ದೀಪ ನಿಯಂತ್ರಿಸಲು ಲ್ಯಾಪ್‌ಟಾಪ್‌ನಲ್ಲಿ ಎರಡು ಮೂರು ದಾರಿಗಳಿರುತ್ತವೆ: ಗ್ರಾಫಿಕ್ಸ್ ಡ್ರೈವರ್‌ನದು, ಬಯೋಸ್‌ನದು, ಕೆಲವು ಸಲ ಲ್ಯಾಪ್‌ಟಾಪ್ ಕಂಪನಿಯದೇ ಒಂದು. ಕರ್ನಲ್ ತಪ್ಪು ದಾರಿ ಆರಿಸಿಕೊಂಡರೆ ಹೀಗಾಗುತ್ತದೆ.

ರೂಟ್ ಅನ್ನುವ ಎಲ್ಲಕ್ಕಿಂತ ಮೇಲಿನ ಫೋಲ್ಡರಿನ ಕೆಳಗಿನ ಎಸ್‌ವೈಎಸ್, ಅದರೊಳಗೆ ಕ್ಲಾಸ್, ಅದರೊಳಗೆ ಬ್ಯಾಕ್‌ಲೈಟ್ ಫೋಲ್ಡರ್ ನೋಡಿ. ‘ಇಂಟೆಲ್ ಅಡಿಗೆರೆ ಬ್ಯಾಕ್‌ಲೈಟ್’ ಅಂತ ಇದ್ದರೆ ಡ್ರೈವರ್ ದಾರಿ. ‘ಎಸಿಪಿಐ ಅಡಿಗೆರೆ ವಿಡಿಯೋ0’ ಇದ್ದರೆ ಬಯೋಸ್ ದಾರಿ. ಬದಲಿಸಲು ಗ್ರಬ್‌ನಲ್ಲಿ, ನೋಮೋಡ್‌ಸೆಟ್ ಬರೆದ ಜಾಗದಲ್ಲೇ, ‘ಎಸಿಪಿಐ ಅಡಿಗೆರೆ ಬ್ಯಾಕ್‌ಲೈಟ್’ ಅಂತ ಬರೆದು ಸಮ ಚಿಹ್ನೆ ಹಾಕಿ ‘ನೇಟಿವ್’ ಅಂತ ಕೊಡಿ. ಆಗದಿದ್ದರೆ ಮುಂದಿನ ಬೂಟ್‌ನಲ್ಲಿ ‘ವಿಡಿಯೋ’, ಅದೂ ಆಗದಿದ್ದರೆ ‘ವೆಂಡರ್’. ಒಂದು ಸಲಕ್ಕೆ ಒಂದೇ. ಮೂರನ್ನೂ ಒಟ್ಟಿಗೆ ಬರೆದು ‘ಯಾವುದೂ ಆಗ್ತಿಲ್ಲ ಮಾವ’ ಅಂತ ಫೋನ್ ಮಾಡಿದ ಹುಡುಗ ಒಬ್ಬನಿದ್ದಾನೆ.

ಯಾವುದು ಸರಿ ಹೋಗುತ್ತೋ ಅದನ್ನು ರೂಟ್‌ನ ಕೆಳಗಿನ ಇಟಿಸಿ ಫೋಲ್ಡರ್, ಅದರೊಳಗಿನ ಡೀಫಾಲ್ಟ್ ಫೋಲ್ಡರಿನ ಗ್ರಬ್ ಫೈಲ್‌ನಲ್ಲಿ ಬರೆದು, ‘ಅಪ್‌ಡೇಟ್ ಅಡ್ಡಗೆರೆ ಗ್ರಬ್’ ಕಮಾಂಡನ್ನು ಸೂಡೋ ಜೊತೆ (ಅಂದರೆ ಮುಂದೆ ಸೂಡೋ ಬರೆದು, ಯಜಮಾನನ ಅಧಿಕಾರದಲ್ಲಿ) ಓಡಿಸಿ. ಆಗ ಶಾಶ್ವತವಾಗುತ್ತದೆ.

ನನ್ನದರಲ್ಲಿ ಎನ್‌ವಿಡಿಯಾ ಇದೆ. ನೂವೋ ಅಂತ ಏನೋ ಬಂದಿದೆ. ಅದು ಇರ್ಲಾ, ಕಂಪನಿ ಡ್ರೈವರ್ ಹಾಕ್ಲಾ?

ನೂವೋ ಅಂದರೆ ಫ್ರೆಂಚ್ ಭಾಷೆಯಲ್ಲಿ ಹೊಸದು. ಎನ್‌ವಿಡಿಯಾ ತನ್ನ ಚಿಪ್‌ಗಳ ಗುಟ್ಟು ಬಿಟ್ಟುಕೊಡದಿದ್ದಾಗ, ಹೊರಗಿನವರು ಚಿಪ್ ಹೇಗೆ ವರ್ತಿಸುತ್ತದೆ ಅಂತ ನೋಡಿ ನೋಡಿಯೇ ಬರೆದ ಡ್ರೈವರ್ ಅದು. ಸಾಧನೆ ದೊಡ್ಡದು. ಆದರೆ ಜಿಫೋರ್ಸ್ 900 ಸರಣಿಯಿಂದ ಎನ್‌ವಿಡಿಯಾ ತಾನು ಸಹಿ ಹಾಕಿದ ಫರ್ಮ್‌ವೇರ್ ಮಾತ್ರ ನಡೆಯುವ ಹಾಗೆ ಮಾಡಿತು. ಹಾಗಾಗಿ 900 ಮತ್ತು 1000 ಸರಣಿಯ ಚಿಪ್‌ಗಳು ನೂವೋ ಕೈಯಲ್ಲಿ ಶುರುವಿನ ಕಡಿಮೆ ವೇಗದಲ್ಲೇ ಉಳಿಯುತ್ತವೆ.

ಬ್ರೌಸರ್, ಟೈಪಿಂಗ್, ಆನ್‌ಲೈನ್ ಕ್ಲಾಸ್ ಇಷ್ಟೇ ಆದರೆ, ಮತ್ತು ಜೊತೆಗೆ ಇಂಟೆಲ್ ಗ್ರಾಫಿಕ್ಸ್ ಇದ್ದರೆ, ನೂವೋ ಸಾಕು. ಆಟ, ವಿಡಿಯೋ ಎಡಿಟಿಂಗ್ ಇದ್ದರೆ ಕಂಪನಿ ಡ್ರೈವರ್. ಅದನ್ನು ಎನ್‌ವಿಡಿಯಾ ವೆಬ್‌ಸೈಟಿನಿಂದ ಇಳಿಸಬೇಡಿ. ಉಬುಂಟು, ಮಿಂಟ್‌ನಲ್ಲಿ ಡ್ರೈವರ್ ಮ್ಯಾನೇಜರ್ ಇದೆ, ಅದು ತೋರಿಸಿದ್ದನ್ನೇ ಹಾಕಿ. ವೆಬ್‌ಸೈಟಿನ ಫೈಲ್ ಹಾಕಿದವರಿಗೆ ಮುಂದಿನ ಕರ್ನಲ್ ಅಪ್‌ಡೇಟ್ ದಿನ ಮತ್ತೆ ಕಪ್ಪು ಪರದೆ ಬರುವುದು ಹೆಚ್ಚು.

ಹಳೇ ಚಿಪ್‌ಗಳ ವಿಷಯ ಬೇರೆ. ಜಿಫೋರ್ಸ್ 400, 500 ಸರಣಿಯ ಫರ್ಮಿ ಚಿಪ್‌ಗಳಿಗೆ ಕೊನೆಯ ಡ್ರೈವರ್ 390. ಅದರ ಬೆಂಬಲ 2022ಕ್ಕೆ ಮುಗಿಯಿತು. 600, 700ರ ಕೆಪ್ಲರ್ ಚಿಪ್‌ಗಳಿಗೆ 470, ಅದೂ 2024ಕ್ಕೆ ಮುಗಿಯಿತು. ಇಂಥ ಲ್ಯಾಪ್‌ಟಾಪ್‌ನಲ್ಲಿ ಹೊಸ ಕರ್ನಲ್ ಬಂದಂತೆಲ್ಲ ಕಂಪನಿ ಡ್ರೈವರ್ ಜೊತೆ ಒದ್ದಾಡುವುದಕ್ಕಿಂತ ನೂವೋ ವಾಸಿ. ಹೊಸ ಚಿಪ್ ಇರುವವರಿಗೆ ಕಾಲ ಸ್ವಲ್ಪ ಬದಲಾಗಿದೆ. 2022ರ ಮೇ ತಿಂಗಳಲ್ಲಿ ಎನ್‌ವಿಡಿಯಾ ತನ್ನ ಡ್ರೈವರಿನ ಕರ್ನಲ್ ಭಾಗವನ್ನು ಬಹಿರಂಗ ಮಾಡಿತು. ಅದು ಟ್ಯೂರಿಂಗ್ ಅನ್ನುವ ಪೀಳಿಗೆಯ ಮತ್ತು ಅದಕ್ಕಿಂತ ಹೊಸ ಚಿಪ್‌ಗಳಿಗೆ.

ಎಚ್‌ಡಿಎಂಐ ಕೇಬಲ್ ಚುಚ್ಚಿದರೆ ಟಿವಿಯಲ್ಲಿ ಏನೂ ಬರಲ್ಲ. ಕೇಬಲ್ ಹೋಯ್ತಾ?

ಕೇಬಲ್ ಬೇರೆ ಕಡೆ ಹಾಕಿ ನೋಡಿ, ಸರಿ ಇದ್ದರೆ ಮುಂದೆ ಓದಿ. ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನ ಸ್ಕ್ರೀನಿನ ತಂತಿ ಇಂಟೆಲ್ ಚಿಪ್‌ಗೂ, ಎಚ್‌ಡಿಎಂಐ ತೂತಿನ ತಂತಿ ಎನ್‌ವಿಡಿಯಾ ಚಿಪ್‌ಗೂ ಹೋಗಿರುವುದುಂಟು. ಎನ್‌ವಿಡಿಯಾ ಮಲಗಿದ್ದರೆ ಆ ತೂತೂ ಮಲಗಿರುತ್ತದೆ. ಉಬುಂಟುವಿನಲ್ಲಿ ಕಂಪನಿ ಡ್ರೈವರ್ ಹಾಕಿದ ಮೇಲೆ ‘ಪ್ರೈಮ್ ಅಡ್ಡಗೆರೆ ಸೆಲೆಕ್ಟ್’ ಅನ್ನುವ ಕಮಾಂಡ್ ಸಿಗುತ್ತದೆ. ಅದಕ್ಕೆ ‘ಆನ್ ಅಡ್ಡಗೆರೆ ಡಿಮಾಂಡ್’ ಕೊಟ್ಟು ರೀಸ್ಟಾರ್ಟ್ ಮಾಡಿ. ಆಗಲೂ ಬರದಿದ್ದರೆ ‘ಎನ್‌ವಿಡಿಯಾ’ ಕೊಡಿ, ಬ್ಯಾಟರಿ ಬೇಗ ಖಾಲಿಯಾಗುತ್ತದೆ ಅಷ್ಟೇ. ‘ಇಂಟೆಲ್’ ಕೊಟ್ಟಿದ್ದರೆ ತೂತು ಸತ್ತ ಹಾಗೆ.

ಈ ಎರಡು ಚಿಪ್‌ಗಳ ಕಷ್ಟ ಹಳೇದು. 2012ರಲ್ಲಿ ಫಿನ್‌ಲ್ಯಾಂಡಿನ ಆಲ್ಟೋ ವಿಶ್ವವಿದ್ಯಾಲಯದಲ್ಲಿ ಸಭಿಕರೊಬ್ಬರು ಇದನ್ನೇ ಹೇಳಿಕೊಂಡಾಗ, ಲಿನಕ್ಸ್ ಶುರು ಮಾಡಿದ ಲೈನಸ್ ಟೊರ್ವಾಲ್ಡ್ಸ್ ಕ್ಯಾಮೆರಾ ಕಡೆ ತಿರುಗಿ ಎನ್‌ವಿಡಿಯಾಗೆ ಬೆರಳು ತೋರಿಸಿ ಬೈದಿದ್ದರು. ಆ ಬೆರಳಿನ ಚಿತ್ರ ಇನ್ನೂ ಓಡಾಡುತ್ತಿದೆ.

ಸ್ಕ್ರೀನ್ ಆಗಾಗ ಮಿಣುಕುತ್ತೆ. ಸುಮ್ನೆ ಕೂತಾಗ ಜಾಸ್ತಿ.

ಸುಮ್ಮನೆ ಕೂತಾಗ ಜಾಸ್ತಿ ಅಂದಿರಲ್ಲ, ಅದೇ ಸುಳಿವು. ಚಿತ್ರ ಬದಲಾಗದಿದ್ದಾಗ ಸ್ಕ್ರೀನ್ ತನ್ನ ನೆನಪಿನಿಂದಲೇ ಚಿತ್ರ ತೋರಿಸುತ್ತಾ ಚಿಪ್‌ಗೆ ವಿಶ್ರಾಂತಿ ಕೊಡುವ ಒಂದು ಏರ್ಪಾಡಿದೆ, ಪ್ಯಾನೆಲ್ ಸೆಲ್ಫ್ ರಿಫ್ರೆಶ್ ಅಂತ. ಕೆಲವು ಸ್ಕ್ರೀನ್‌ಗಳಿಗೆ ಅದು ಒಗ್ಗುವುದಿಲ್ಲ. ಇಂಟೆಲ್ ಗ್ರಾಫಿಕ್ಸ್ ಆದರೆ ಗ್ರಬ್ ಸಾಲಿನಲ್ಲಿ ‘ಐ915’, ಚುಕ್ಕಿ, ‘ಎನೇಬಲ್ ಅಡಿಗೆರೆ ಪಿಎಸ್‌ಆರ್’, ಸಮ ಚಿಹ್ನೆ, ಸೊನ್ನೆ. ಮಿಣುಕು ನಿಲ್ಲದಿದ್ದರೆ ಸ್ಕ್ರೀನಿನ ಕೇಬಲ್ ಸಡಿಲ ಇರಬಹುದು. ಮುಚ್ಚಳ ಅಲ್ಲಾಡಿಸಿದಾಗ ಮಿಣುಕಿದರೆ ಖಂಡಿತ ಕೇಬಲ್ಲೇ.

ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿದ್ದೆ. ತೆಗೆದರೆ ಇಸ್ತ್ರಿ ಪೆಟ್ಟಿಗೆ ಥರ ಬಿಸಿ, ಬ್ಯಾಟರಿ ಖಾಲಿ. ನಿದ್ದೆ ಮಾಡಿಲ್ವಾ?

ಕೋಳಿ ನಿದ್ದೆ ಮಾಡಿದೆ. ಲ್ಯಾಪ್‌ಟಾಪ್‌ಗಳಿಗೆ ಎರಡು ಥರದ ನಿದ್ದೆ ಇದೆ. ಹಳೇ ಥರದ್ದರಲ್ಲಿ ಮೆಮೊರಿ ಬಿಟ್ಟು ಹೆಚ್ಚುಕಡಿಮೆ ಎಲ್ಲ ಆರುತ್ತದೆ. ಹೊಸ ಥರದ್ದರಲ್ಲಿ ಮೊಬೈಲಿನ ಹಾಗೆ ಅರೆ ಎಚ್ಚರ. ಎಸ್‌ವೈಎಸ್‌ನೊಳಗಿನ ಪವರ್ ಫೋಲ್ಡರಿನಲ್ಲಿ ‘ಮೆಮ್ ಅಡಿಗೆರೆ ಸ್ಲೀಪ್’ ಫೈಲ್ ತೆರೆದು ನೋಡಿ. ‘ಡೀಪ್’ ಅನ್ನುವ ಪದ ಇದೆಯಾ? ಇದ್ದರೆ ಗ್ರಬ್ ಸಾಲಿಗೆ ‘ಮೆಮ್ ಅಡಿಗೆರೆ ಸ್ಲೀಪ್ ಅಡಿಗೆರೆ ಡೀಫಾಲ್ಟ್’ ಸಮ ‘ಡೀಪ್’ ಸೇರಿಸಿ. ಆ ಪದವೇ ಇಲ್ಲದಿದ್ದರೆ ನಿಮ್ಮ ಬಯೋಸ್ ಆ ಸೌಲಭ್ಯ ಕೊಟ್ಟಿಲ್ಲ. ಬ್ಯಾಗಿಗೆ ಹಾಕುವ ಮುಂಚೆ ಶಟ್‌ಡೌನ್ ಮಾಡಿ.

ಕನ್ನಡ ಅಕ್ಷರದ ಜಾಗದಲ್ಲಿ ಚೌಕ ಚೌಕ ಬರ್ತಿದೆ. ಗ್ರಾಫಿಕ್ಸ್ ಡ್ರೈವರ್ ತೊಂದರೆನಾ?

ಅಲ್ಲವೇ ಅಲ್ಲ. ಫಾಂಟ್ ಇಲ್ಲ ಅಷ್ಟೇ. ಡೆಬಿಯನ್, ಉಬುಂಟುವಿನಲ್ಲಿ ‘ಫಾಂಟ್ಸ್ ಅಡ್ಡಗೆರೆ ಕೆಎನ್‌ಡಿಎ’ ಅನ್ನುವ ಪ್ಯಾಕೇಜ್ ಹಾಕಿ. ಗುಬ್ಬಿ, ನವಿಲು ಅಂತ ಚೆಂದದ ಕನ್ನಡ ಫಾಂಟ್‌ಗಳೂ ಅಲ್ಲಿ ಸಿಗುತ್ತವೆ.

## ವೈಫೈ

ವೈಫೈ ಡ್ರೈವರ್ ಹಾಕೋಕೆ ಇಂಟರ್ನೆಟ್ ಬೇಕು. ಇಂಟರ್ನೆಟ್ ಬರೋಕೆ ವೈಫೈ ಬೇಕು. ಏನ್ ಸರ್ ಇದು?

ಮದುವೆ ಆಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆ ಆಗಲ್ಲ ಅಂದ ಹಾಗೆ. ನಿಮ್ಮ ಜೇಬಿನಲ್ಲೇ ಪರಿಹಾರ ಇದೆ. ಆಂಡ್ರಾಯ್ಡ್ ಫೋನನ್ನು ಚಾರ್ಜರ್ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಚುಚ್ಚಿ. ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ತಂತಿಯ ನೆಟ್‌ವರ್ಕ್ ಅಂದುಕೊಂಡು ತಂತಾನೇ ಹಿಡಿಯುತ್ತದೆ. ಫೋನ್ ಮನೆಯ ವೈಫೈಗೆ ಸೇರಿದ್ದರೆ ಅದೇ ವೈಫೈ ಕೇಬಲ್ ಮೂಲಕ ಬರುವುದರಿಂದ ಡೇಟಾ ಕೂಡ ಖರ್ಚಾಗುವುದಿಲ್ಲ. ಕೆಲವು ಕೇಬಲ್‌ಗಳಲ್ಲಿ ಚಾರ್ಜಿಂಗ್ ತಂತಿ ಮಾತ್ರ ಇರುತ್ತದೆ. ಫೋನಿನಲ್ಲಿ ಆ ಆಯ್ಕೆ ಮಬ್ಬಾಗಿ ಕಂಡರೆ ಕೇಬಲ್ ಬದಲಿಸಿ.

ವೈಫೈ ಐಕಾನೇ ಇಲ್ಲ. ಎಲ್ಲಿಂದ ಹುಡುಕಲಿ?

ಮೊದಲು ‘ಆರ್‌ಎಫ್‌ಕಿಲ್ ಲಿಸ್ಟ್’ ಹೊಡೆಯಿರಿ. ವೈಫೈ ಸಾಲಿನ ಕೆಳಗೆ ‘ಸಾಫ್ಟ್ ಬ್ಲಾಕ್ಡ್’, ‘ಹಾರ್ಡ್ ಬ್ಲಾಕ್ಡ್’ ಅಂತ ಎರಡು ಇರುತ್ತವೆ. ಸಾಫ್ಟ್ ಎದುರು ‘ಯೆಸ್’ ಇದ್ದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಆಲ್’ ಸಾಕು. ಹಾರ್ಡ್ ಎದುರು ‘ಯೆಸ್’ ಇದ್ದರೆ ಯಾವ ಕಮಾಂಡಿಗೂ ಜಗ್ಗದು. ಲ್ಯಾಪ್‌ಟಾಪ್‌ನ ಅಂಚಿನಲ್ಲಿ ಸಣ್ಣ ಜಾರುಗುಂಡಿ ಇರಬಹುದು, ಅಥವಾ ಎಫ್‌ಎನ್ ಜೊತೆ ಒತ್ತುವ ಕೀ. ನಾನು ಒಮ್ಮೆ ಇಡೀ ಶನಿವಾರ ಡ್ರೈವರ್ ಹಾಕಿ ತೆಗೆದು ಮಾಡಿದ್ದೆ. ಸಂಜೆ ಕಾಫಿ ತಂದ ಅತ್ತಿಗೆ ‘ಈ ಗುಂಡಿ ಕೆಂಪಾಗಿದೆಯಲ್ಲ’ ಅಂದರು.

ಆರ್‌ಎಫ್‌ಕಿಲ್ ಪಟ್ಟಿಯಲ್ಲಿ ವೈಫೈ ಹೆಸರೇ ಇಲ್ಲದಿದ್ದರೆ ಕರ್ನಲ್ ಏನನ್ನುತ್ತೆ ಕೇಳಿ. ‘ಸೂಡೋ’ ಹಾಕಿ ಡಿಎಂಇಎಸ್‌ಜಿ ಕಮಾಂಡ್ ಕೊಟ್ಟು, ಬಂದದ್ದರಲ್ಲಿ ‘ಫರ್ಮ್‌ವೇರ್’ ಪದ ಹುಡುಕಿ. ‘ಡೈರೆಕ್ಟ್ ಫರ್ಮ್‌ವೇರ್ ಲೋಡ್... ಫೇಲ್ಡ್... ಎರರ್ ಮೈನಸ್ 2’ ಅಂತ ಕಂಡರೆ ಖುಷಿಪಡಿ. ಮೈನಸ್ 2 ಅಂದರೆ ‘ಅಂಥ ಫೈಲ್ ಇಲ್ಲ’ ಅಂತ ಮಾತ್ರ. ಕಾರ್ಡ್ ಕೆಟ್ಟಿಲ್ಲ, ಡ್ರೈವರ್ ಬಂದಿದೆ, ಫೈಲ್ ಬೇಕು. ಆದರೆ ಒಂದು ಕಿವಿಮಾತು: ಇಂಟೆಲ್ ಡ್ರೈವರ್ ಹೊಸ ಫೈಲಿನಿಂದ ಹಳೇದರ ಕಡೆಗೆ ಒಂದೊಂದೇ ಹುಡುಕುತ್ತಾ ಬರುತ್ತದೆ. ಹಾಗಾಗಿ ಮೊದಲ ಎರಡು ಮೂರು ಮೈನಸ್ 2 ಆದಮೇಲೆ ಒಂದು ಸಿಕ್ಕಿದ್ದರೆ ತೊಂದರೆ ಇಲ್ಲ.

ಡೆಬಿಯನ್‌ನಲ್ಲಿ ಇಂಟೆಲ್‌ಗೆ ‘ಫರ್ಮ್‌ವೇರ್ ಅಡ್ಡಗೆರೆ ಐಡಬ್ಲ್ಯೂಎಲ್‌ವೈಫೈ’, ರಿಯಲ್‌ಟೆಕ್‌ಗೆ ‘ಫರ್ಮ್‌ವೇರ್ ಅಡ್ಡಗೆರೆ ರಿಯಲ್‌ಟೆಕ್’. ಉಬುಂಟು, ಮಿಂಟ್‌ನಲ್ಲಿ ಎಲ್ಲ ಸೇರಿ ‘ಲಿನಕ್ಸ್ ಅಡ್ಡಗೆರೆ ಫರ್ಮ್‌ವೇರ್’.

ಹಳೇ ಮ್ಯಾಕ್‌ಬುಕ್‌ಗೆ ಹಾಕಿದೆ. ಎಲ್ಲ ಚೆನ್ನಾಗಿದೆ, ವೈಫೈ ಒಂದು ಬಿಟ್ಟು.

ಬ್ರಾಡ್‌ಕಾಮ್ ಮನೆಗೆ ಸ್ವಾಗತ. ಇಲ್ಲಿ ಒಂದೇ ಕಂಪನಿಯ ಚಿಪ್‌ಗಳಿಗೆ ಬೇರೆ ಬೇರೆ ಡ್ರೈವರ್. ಬಿ43 ಅನ್ನುವುದು ಹೊರಗಿನವರು ಬರೆದದ್ದು. ಅದಕ್ಕೆ ಬೇಕಾದ ಫರ್ಮ್‌ವೇರನ್ನು ಕಂಪನಿಯ ಡ್ರೈವರಿನಿಂದ ಕತ್ತರಿಸಿ ತೆಗೆಯಬೇಕು. ಡೆಬಿಯನ್‌ನಲ್ಲಿ ‘ಫರ್ಮ್‌ವೇರ್ ಅಡ್ಡಗೆರೆ ಬಿ43 ಅಡ್ಡಗೆರೆ ಇನ್‌ಸ್ಟಾಲರ್’ ಆ ಕೆಲಸ ಮಾಡುತ್ತದೆ. ಡಬ್ಲ್ಯೂಎಲ್ ಅನ್ನುವುದು ಕಂಪನಿಯೇ ಕೊಟ್ಟ ಮುಚ್ಚಿದ ಡ್ರೈವರ್. ಇದಲ್ಲದೆ 2010ರಲ್ಲಿ ಬ್ರಾಡ್‌ಕಾಮ್ ಕೆಲವು ಚಿಪ್‌ಗಳಿಗೆ ತೆರೆದ ಡ್ರೈವರನ್ನೂ ಕೊಟ್ಟಿತು.

ಯಾವುದು ಬೇಕು ಅಂತ ಚಿಪ್ ಸಂಖ್ಯೆ ಹೇಳುತ್ತದೆ. 2011ರ ಮ್ಯಾಕ್‌ಬುಕ್ ಪ್ರೊದಲ್ಲಿರುವ ಬಿಸಿಎಂ4331ಗೆ ಬಿ43. 2013ರಿಂದಾಚೆಯ ಹಲವು ಮ್ಯಾಕ್‌ಬುಕ್ ಏರ್‌ಗಳ ಬಿಸಿಎಂ4360ಗೆ ಡಬ್ಲ್ಯೂಎಲ್. ಉಬುಂಟುವಿನಲ್ಲಿ ಅದರ ಪ್ಯಾಕೇಜ್ ‘ಬಿಸಿಎಂಡಬ್ಲ್ಯೂಎಲ್ ಅಡ್ಡಗೆರೆ ಕರ್ನಲ್ ಅಡ್ಡಗೆರೆ ಸೋರ್ಸ್’, ಡೆಬಿಯನ್‌ನಲ್ಲಿ ‘ಬ್ರಾಡ್‌ಕಾಮ್ ಅಡ್ಡಗೆರೆ ಎಸ್‌ಟಿಎ ಅಡ್ಡಗೆರೆ ಡಿಕೆಎಂಎಸ್’. ಬಿ43, ಡಬ್ಲ್ಯೂಎಲ್ ಎರಡನ್ನೂ ಒಟ್ಟಿಗೆ ಹಾಕಬೇಡಿ. ಒಂದೇ ಕಾರ್ಡಿಗೆ ಎರಡೂ ಜಗ್ಗಾಡುತ್ತವೆ.

ವೈಫೈ ಬರುತ್ತೆ, ಆದರೆ ಆಗಾಗ ಕಟ್ ಆಗುತ್ತೆ. ಮೊಬೈಲಲ್ಲಿ ಅದೇ ಜಾಗದಲ್ಲಿ ಚೆನ್ನಾಗಿ ಬರುತ್ತೆ.

ಮೊದಲ ಅನುಮಾನ ಬ್ಯಾಟರಿ ಉಳಿತಾಯದ ಮೇಲೆ. ಕಾರ್ಡ್ ನಡುನಡುವೆ ತೂಕಡಿಸುತ್ತದೆ. ಇಟಿಸಿಯೊಳಗೆ ನೆಟ್‌ವರ್ಕ್‌ಮ್ಯಾನೇಜರ್ ಫೋಲ್ಡರ್, ಅದರೊಳಗೆ ‘ಕಾನ್ಫ್ ಚುಕ್ಕಿ ಡಿ’ ಫೋಲ್ಡರ್ ಇದೆ. ಉಬುಂಟುವಿನಲ್ಲಿ ಅಲ್ಲಿ ವೈಫೈ ಪವರ್‌ಸೇವ್ ಹೆಸರಿನ ಫೈಲ್ ಸಿಗುತ್ತದೆ. ಅದರಲ್ಲಿರುವ 3 ಅನ್ನು 2 ಮಾಡಿ. 3 ಅಂದರೆ ಉಳಿತಾಯ ಇರಲಿ, 2 ಅಂದರೆ ಬೇಡ.

ರೂಟರ್ ಪಕ್ಕ ಕೂತಾಗ ಮಾತ್ರ ಬರುತ್ತೆ, ಎರಡು ಹೆಜ್ಜೆ ಆಚೆ ಹೋದರೆ ಇಲ್ಲ ಅನ್ನುವವರು ಕಾರ್ಡ್ ಹೆಸರು ನೋಡಿ. ಆರ್‌ಟಿಎಲ್8723ಬಿಇ ಇದ್ದರೆ ಕಥೆ ಹೀಗೆ: ಕಾರ್ಡಿಗೆ ಆಂಟೆನಾ ಚುಚ್ಚುವ ಜಾಗ ಎರಡು, ಕೆಲವು ಲ್ಯಾಪ್‌ಟಾಪ್‌ನಲ್ಲಿ ಕೊಟ್ಟಿರುವ ಆಂಟೆನಾ ಒಂದೇ. ಡ್ರೈವರ್ ಖಾಲಿ ಜಾಗದಲ್ಲಿ ಕಿವಿಗೊಟ್ಟು ಕೂತಿರುತ್ತದೆ. ಇಟಿಸಿಯ ‘ಮಾಡ್‌ಪ್ರೋಬ್ ಚುಕ್ಕಿ ಡಿ’ ಫೋಲ್ಡರಿನಲ್ಲಿ ಹೊಸ ಫೈಲ್ ಮಾಡಿ, ‘ಆಪ್ಷನ್ಸ್ ಆರ್‌ಟಿಎಲ್8723ಬಿಇ ಎಎನ್‌ಟಿ ಅಡಿಗೆರೆ ಸೆಲ್’ ಸಮ 2 ಅಂತ ಬರೆಯಿರಿ. ಫೈಲ್ ಹೆಸರು ‘ಚುಕ್ಕಿ ಕಾನ್ಫ್’ ಅಂತ ಮುಗಿಯಬೇಕು. ರೀಸ್ಟಾರ್ಟ್ ಮಾಡಿ. ಆಗದಿದ್ದರೆ 1. ಸಿಗ್ನಲ್ ಒಂದು ಕಡ್ಡಿಯಿಂದ ನಾಲ್ಕಕ್ಕೆ ಹಾರುವುದನ್ನು ನೋಡುವುದೇ ಒಂದು ಸಂತೋಷ.

ಅಣ್ಣ ಅಮೆರಿಕದಿಂದ ತಂದುಕೊಟ್ಟ ಲ್ಯಾಪ್‌ಟಾಪ್. ಪಕ್ಕದ ಮನೆ ವೈಫೈ ಕಾಣುತ್ತೆ, ನಮ್ಮದೇ ಕಾಣಲ್ಲ!

ರೂಟರ್ ಯಾವ ಚಾನೆಲ್‌ನಲ್ಲಿದೆ ನೋಡಿ. 12 ಅಥವಾ 13 ಇದ್ದರೆ ಸಿಕ್ಕಿಬಿತ್ತು. 2.4 ಗಿಗಾಹರ್ಟ್ಸ್‌ನಲ್ಲಿ ನಮ್ಮಲ್ಲಿ 13ರವರೆಗೆ ಬಳಸುತ್ತಾರೆ, ಅಮೆರಿಕದ ಸಾಧನಗಳು ಸಾಮಾನ್ಯವಾಗಿ 11ಕ್ಕೆ ನಿಲ್ಲುತ್ತವೆ. ಅಲ್ಲಿಗೆಂದು ಮಾಡಿದ ಕಾರ್ಡಿನೊಳಗೇ ಆ ದೇಶದ ಗುರುತು ಬರೆದಿರುತ್ತದೆ. ‘ಐಡಬ್ಲ್ಯೂ ರೆಗ್ ಗೆಟ್’ ಕಮಾಂಡ್ ಕೊಟ್ಟರೆ ಯಾವ ದೇಶ ಅಂತ ತೋರಿಸುತ್ತದೆ. ‘ಐಡಬ್ಲ್ಯೂ ರೆಗ್ ಸೆಟ್’ ಅಂತ ಭಾರತದ ಗುರುತು ಐಎನ್ ಕೊಡಬಹುದು, ಆದರೆ ಅದನ್ನು ಲೆಕ್ಕಕ್ಕಿಡದ ಕಾರ್ಡುಗಳೇ ಹೆಚ್ಚು. ರೂಟರನ್ನು 1, 6 ಅಥವಾ 11ಕ್ಕೆ ಬದಲಿಸುವುದು ಎರಡು ನಿಮಿಷದ ಕೆಲಸ. ಅದನ್ನೇ ಮಾಡಿ.

## ಇನ್ನೂ ಸ್ವಲ್ಪ ಆಳಕ್ಕೆ

ನಿನ್ನೆವರೆಗೆ ಚೆನ್ನಾಗಿತ್ತು. ಅಪ್‌ಡೇಟ್ ಮಾಡಿದೆ, ವೈಫೈ ಹೋಯ್ತು.

ಕರ್ನಲ್‌ನ ಹೊರಗಿನ ಡ್ರೈವರ್ ಹಾಕಿದ್ದೀರಿ, ಅಲ್ವಾ? ಅಂಥ ಡ್ರೈವರನ್ನು ಪ್ರತಿ ಹೊಸ ಕರ್ನಲ್‌ಗೂ ಮತ್ತೆ ಕಟ್ಟಬೇಕು. ಆ ಕೆಲಸ ಡಿಕೆಎಂಎಸ್‌ನದು. ‘ಡಿಕೆಎಂಎಸ್ ಸ್ಟೇಟಸ್’ ಕೊಟ್ಟು ನೋಡಿ. ಈಗಿನ ಕರ್ನಲ್ ಎದುರು ‘ಇನ್‌ಸ್ಟಾಲ್ಡ್’ ಇಲ್ಲದಿದ್ದರೆ ಕಟ್ಟಲು ಆಗಿಲ್ಲ. ಬಹಳ ಸಲ ಕರ್ನಲ್ ಹೆಡರ್ಸ್ ಪ್ಯಾಕೇಜ್ ಇಲ್ಲದಿರುವುದೇ ಕಾರಣ. ಸದ್ಯಕ್ಕೆ ಗ್ರಬ್‌ನ ಅಡ್ವಾನ್ಸ್‌ಡ್ ಮೆನುವಿನಲ್ಲಿ ಹಿಂದಿನ ಕರ್ನಲ್ ಆರಿಸಿ ಬೂಟ್ ಮಾಡಿ, ಕೆಲಸ ನಡೆಯಲಿ.

‘ಇನ್‌ಸ್ಟಾಲ್ಡ್’ ಅಂತ ಇದ್ದೂ ಡ್ರೈವರ್ ಏಳದಿದ್ದರೆ ಸೆಕ್ಯೂರ್ ಬೂಟ್ ಕಡೆ ನೋಡಿ. ಸಹಿ ಇಲ್ಲದ ಡ್ರೈವರನ್ನು ಅದು ಒಳಗೆ ಬಿಡುವುದಿಲ್ಲ. ಉಬುಂಟುವಿನಲ್ಲಿ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬಂದು ‘ಎನ್‌ರೋಲ್ ಮಾಕ್’ ಅನ್ನುತ್ತದೆ. ಅಲ್ಲಿ ಅದೇ ಪಾಸ್‌ವರ್ಡ್ ಕೊಡಬೇಕು. ಬಹಳ ಜನ ವಿಂಡೋಸ್‌ನ ನೀಲಿ ಪರದೆ ನೆನಪಾಗಿ ಹೆದರಿ ಎಂಟರ್ ಒತ್ತಿ ದಾಟಿಸಿಬಿಡುತ್ತಾರೆ.

ಈ ಕಾರ್ಡ್ ಸಹವಾಸವೇ ಬೇಡ. ಬೇರೆ ವೈಫೈ ಕಾರ್ಡ್ ಹಾಕಿಸಬಹುದಾ?

ಹಾಕಿಸಬಹುದು. ಎಷ್ಟೋ ಸಲ ಇದೇ ಬುದ್ಧಿವಂತಿಕೆ. ಹಳೇ ಲ್ಯಾಪ್‌ಟಾಪ್‌ನಲ್ಲಿ ಮಿನಿ ಪಿಸಿಐ ಎಕ್ಸ್‌ಪ್ರೆಸ್, ಹೊಸದರಲ್ಲಿ ಎಂ.2. ಇಂಟೆಲ್ ಎಎಕ್ಸ್200, ಎಎಕ್ಸ್210 ಕಾರ್ಡ್‌ಗಳು ಲಿನಕ್ಸ್‌ನಲ್ಲಿ ತಕರಾರಿಲ್ಲದೆ ನಡೆಯುತ್ತವೆ. ಆದರೆ ಎಎಕ್ಸ್201, ಎಎಕ್ಸ್211 ಕಡೆ ಕೈ ಹಾಕಬೇಡಿ. ನೋಡಲು ಒಂದೇ ಥರ, ಆದರೆ ಅವುಗಳ ಅರ್ಧ ಕೆಲಸ ಇಂಟೆಲ್ ಪ್ರೊಸೆಸರ್ ಕಡೆಯಲ್ಲಿದೆ. ಹೊಂದುವ ಇಂಟೆಲ್ ಲ್ಯಾಪ್‌ಟಾಪ್ ಬಿಟ್ಟು ಬೇರೆಡೆ ಅವು ಬರೀ ತಗಡು. ಕೆಲವು ಹಳೇ ಲ್ಯಾಪ್‌ಟಾಪ್‌ಗಳ ಬಯೋಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಬೂಟ್ ಆಗುವುದನ್ನೇ ನಿಲ್ಲಿಸುತ್ತದೆ. ಕೊಳ್ಳುವ ಮುಂಚೆ ವಿಚಾರಿಸಿ.

ಡಾಂಗಲ್ ತೆಗೆದುಕೊಳ್ಳುವವರಿಗೆ: ಚುಚ್ಚಿದಾಗ ಎಲ್‌ಎಸ್‌ಯುಎಸ್‌ಬಿ ಪಟ್ಟಿಯಲ್ಲಿ 0ಬಿಡಿಎ:1ಎ2ಬಿ ಅಂತ ಕಂಡರೆ ಅದು ಸಿಡಿ ವೇಷದಲ್ಲಿದೆ. ಒಳಗೆ ವಿಂಡೋಸ್ ಡ್ರೈವರ್ ಇಟ್ಟುಕೊಂಡು ಬಂದಿದೆ. ‘ಯುಎಸ್‌ಬಿ ಅಡ್ಡಗೆರೆ ಮೋಡ್‌ಸ್ವಿಚ್’ ಹಾಕಿದರೆ, ಅಥವಾ ಆ ಸಿಡಿಯನ್ನು ಇಜೆಕ್ಟ್ ಮಾಡಿದರೆ, ವೇಷ ಕಳಚಿ ವೈಫೈ ಆಗುತ್ತದೆ.

ವೇಲ್ಯಾಂಡ್‌ನಲ್ಲಿರ್ಲಾ, ಹಳೇ ಎಕ್ಸ್‌ಗೆ ಹೋಗ್ಲಾ?

ಎರಡೂ ಸ್ಕ್ರೀನಿನ ಮೇಲೆ ಕಿಟಕಿಗಳನ್ನು ತೋರಿಸುವ ಏರ್ಪಾಡುಗಳು. ಎಕ್ಸ್ ಹುಟ್ಟಿದ್ದು 1984ರಲ್ಲಿ, ಎಂಐಟಿಯಲ್ಲಿ. ವೇಲ್ಯಾಂಡ್ ಶುರುವಾದದ್ದು 2008ರಲ್ಲಿ. ಲ್ಯಾಪ್‌ಟಾಪ್ ಸ್ಕ್ರೀನಿನಲ್ಲಿ ಪಿಕ್ಸೆಲ್ ದಟ್ಟ, ಹೊರಗಿನ ಮಾನಿಟರ್ ಹಳೇದು, ಎರಡರಲ್ಲೂ ಅಕ್ಷರ ಸರಿಯಾದ ಗಾತ್ರದಲ್ಲಿ ಬೇಕು ಅನ್ನುವವರಿಗೆ ವೇಲ್ಯಾಂಡೇ ಸರಿ. ಎಕ್ಸ್‌ನಲ್ಲಿ ಅದು ಸರ್ಕಸ್. ಹಳೇ ಎನ್‌ವಿಡಿಯಾ ಕಂಪನಿ ಡ್ರೈವರ್ ಇದ್ದರೆ ಎಕ್ಸ್ ವಾಸಿ.

ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿಯಲ್ಲಿ ಇದೆಲ್ಲ ಆಗುತ್ತಾ? ಆಸೆ ಇದೆ, ಧೈರ್ಯ ಇಲ್ಲ.

ಇಂಟೆಲ್ ಗ್ರಾಫಿಕ್ಸ್, ಇಂಟೆಲ್ ವೈಫೈ ಇರುವ, ಎರಡು ಮೂರು ವರ್ಷ ಹಳೇ ಲ್ಯಾಪ್‌ಟಾಪ್ ಇದ್ದರೆ ಧೈರ್ಯ ಮಾಡಿ. ಫ್ರೀಬಿಎಸ್‌ಡಿಯಲ್ಲಿ ಗ್ರಾಫಿಕ್ಸ್ ಡ್ರೈವರ್ ಬೇರೆ ಪ್ಯಾಕೇಜ್: ‘ಡಿಆರ್‌ಎಂ ಅಡ್ಡಗೆರೆ ಕೆಮಾಡ್’. ಲಿನಕ್ಸ್‌ನ ಡ್ರೈವರ್‌ಗಳನ್ನೇ ತಂದು ಹೊಂದಿಸಿದ್ದಾರೆ. ಹಾಕಿದ ಮೇಲೆ ಆರ್‌ಸಿ ಚುಕ್ಕಿ ಕಾನ್ಫ್ ಫೈಲಿನ ‘ಕೆಎಲ್‌ಡಿ ಅಡಿಗೆರೆ ಲಿಸ್ಟ್’ ಸಾಲಿನಲ್ಲಿ ‘ಐ915ಕೆಎಂಎಸ್’ ಅಥವಾ ‘ಎಎಂಡಿಜಿಪಿಯು’ ಬರೆಯಬೇಕು. ನಿಮ್ಮ ಬಳಕೆದಾರ ಹೆಸರನ್ನು ‘ವಿಡಿಯೋ’ ಗುಂಪಿಗೆ ಸೇರಿಸಬೇಕು. ಈ ಎರಡನೆಯದನ್ನು ಮರೆತು ಎಲ್ಲ ನಿಧಾನ ಅಂತ ದೂರುವವರು ಬಹಳ.

ವೈಫೈ ಅಲ್ಲಿ ಬಹಳ ಕಾಲ ಹಿಂದೆ ಬಿದ್ದಿತ್ತು. ಇಂಟೆಲ್‌ನ ಹೊಸ ಡ್ರೈವರ್ 2022ರ 13.1 ಆವೃತ್ತಿಯಲ್ಲಿ ಬಂತು, ಆದರೆ ಹಳೇ ಕಾಲದ ವೇಗದಲ್ಲಿ. 2025ರ 14.3ರಲ್ಲಿ ಆ ಡ್ರೈವರಿಗೆ ಎನ್ ಮತ್ತು ಎಸಿ ಅನ್ನುವ ವೈಫೈ ಪೀಳಿಗೆಗಳ ವೇಗ ಸಿಕ್ಕಿತು. ಅದಕ್ಕೂ ಮುಂಚೆ ಕಾಯಲಾರದವರು ವೈಫೈಬಾಕ್ಸ್ ಅಂತ ಒಂದು ಉಪಾಯ ಹೂಡಿದರು. ಫ್ರೀಬಿಎಸ್‌ಡಿಯೊಳಗೆ ಒಂದು ಪುಟಾಣಿ ಲಿನಕ್ಸ್ ಓಡಿಸಿ, ಕಾರ್ಡನ್ನು ಅದರ ಕೈಗೆ ಕೊಟ್ಟು, ಇಂಟರ್ನೆಟ್ ಮಾತ್ರ ಈಚೆ ತರುವುದು. ನಗು ಬರುತ್ತದೆ, ಆದರೆ ಕೆಲಸ ಮಾಡುತ್ತದೆ.

ಓಪನ್‌ಬಿಎಸ್‌ಡಿ ಇನ್ನೂ ಸರಳ. ‘ಎಫ್‌ಡಬ್ಲ್ಯೂ ಅಡಿಗೆರೆ ಅಪ್‌ಡೇಟ್’ ಅನ್ನುವ ಒಂದೇ ಕಮಾಂಡ್ ನಿಮ್ಮ ಯಂತ್ರದಲ್ಲಿರುವ ಚಿಪ್‌ಗಳನ್ನು ನೋಡಿ ಬೇಕಾದ ಫರ್ಮ್‌ವೇರ್‌ಗಳನ್ನಷ್ಟೇ ತರುತ್ತದೆ. ಫೋನಿನ ಯುಎಸ್‌ಬಿ ಟೆಥರಿಂಗ್ ಅಲ್ಲೂ ನಡೆಯುತ್ತದೆ. ಆದರೆ ಎನ್‌ವಿಡಿಯಾ ಮಾತ್ರ ಇರುವ ಲ್ಯಾಪ್‌ಟಾಪ್ ಆದರೆ ಆ ಕಡೆ ಹೋಗಬೇಡಿ, ಗ್ರಾಫಿಕ್ಸ್ ವೇಗ ಸಿಗುವುದಿಲ್ಲ. ಬ್ಲೂಟೂತ್ ಕೂಡ ಇಲ್ಲ. ಇದ್ದದ್ದನ್ನು 2014ರಲ್ಲಿ ಕಿತ್ತುಹಾಕಿದರು. ಹಾಡು ಕೇಳಲು ತಂತಿಯ ಇಯರ್‌ಫೋನ್ ಹುಡುಕಿಟ್ಟುಕೊಳ್ಳಿ.